ಹಗ್ಗದ ಮೇಲಿನ ನಲವತ್ತೆರಡು ಅಂಗಿಗಳು

ಬಡಾವಣೆಯ ಆಸ್ಪತ್ರೆಯ ಮುಂದೆ ಸಾಲು ದಿನದಿನಕ್ಕೆ ಉದ್ದವಾಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ನಿಂತವರಿಗೆ ಹನ್ನೊಂದಾದರೂ ಸರದಿ ಬರುತ್ತಿರಲಿಲ್ಲ. ಮಂಡಿನೋವಿನವರು, ಮಗು ಎತ್ತಿಕೊಂಡವರು ನಿಂತು ನಿಂತು ಬೇಸತ್ತರು. ಯಾರನ್ನಾದರೂ ಬಯ್ಯಬೇಕಲ್ಲ, ದೂರದೇಶದಿಂದ ಬಂದು ನೆಲೆಸಿದವರನ್ನು ಬಯ್ಯತೊಡಗಿದರು.

ನಿವೃತ್ತ ಗಣಿತದ ಮೇಷ್ಟ್ರು ಬರಿಯ ಬೈಗುಳಕ್ಕೆ ನಿಲ್ಲುವವರಲ್ಲ. ಅವರಿಗೆ ಲೆಕ್ಕ ಬೇಕು. ತಾರಸಿಯ ಮೇಲೆ ನಿಂತು, ಅಂಥವರು ಬಂದು ಸೇರಿದ್ದ ಹಿಂದಿನ ಮನೆಯ ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿಗಳನ್ನು ಬೆರಳು ಮಡಚಿ ಎಣಿಸಿದರು. ನಲವತ್ತೆರಡು. ಎಲ್ಲವೂ ಒಂದೇ ನೀಲಿ. ಒಂದು ಕೋಣೆಯಲ್ಲಿ ನಲವತ್ತೆರಡು ಗಂಡಸರು, ಅದೂ ಸಮವಸ್ತ್ರದವರು, ದಂಡೇ ಇರಬೇಕು.

ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಬಡಾವಣೆಯ ಅರ್ಧ ಜನ ಮಗ್ಗಿ ಕಲಿತದ್ದು ಅವರ ಬಳಿಯೇ. ಮಾತು ಕ್ಷೌರದಂಗಡಿ ಮುಟ್ಟುವಷ್ಟರಲ್ಲಿ ನಲವತ್ತೆರಡು ನೂರಾಯಿತು. ವಾರ ಕಳೆದ ಮೇಲೆ ಅಚ್ಚಾದ ಕರಪತ್ರವೊಂದು ಮೇಷ್ಟ್ರ ಬಾಗಿಲಿಗೇ ಬಂತು: ‘ನಾನೂರು ಮಂದಿ ನುಗ್ಗಿದ್ದಾರೆ. ಕಾಗದಪತ್ರವಿಲ್ಲದವರಿಗೆ ಮದ್ದು ಕೊಡಕೂಡದು. ಭಾನುವಾರದ ಸಭೆಗೆ ಬಂದು ಅರ್ಜಿಗೆ ಸಹಿ ಹಾಕಿ.’

"ನೋಡು, ನಾನು ನಲವತ್ತೆರಡು ಅಂದಿದ್ದೆ. ಇನ್ನೂ ಬಂದಿದ್ದಾರೆ" ಎಂದು ಸೊಸೆಗೆ ತೋರಿಸಿದರು.

ಸೊಸೆ ಅದೇ ಆಸ್ಪತ್ರೆಯ ದಾದಿ. ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು.

"ಯಾರು ಎಣಿಸಿದ್ದು ಮಾವ?"

"ಅಚ್ಚು ಹಾಕಿಸಿದ್ದಾರಲ್ಲ."

"ಅಚ್ಚಾದ್ರೆ ಎಣಿಸಿದ ಹಾಗಾ? ಲೆಕ್ಕ ಬಿಡಿಸದೆ ಬರೀ ಉತ್ತರ ಬರೆದ ಹುಡುಗರಿಗೆ ನೀವು ಸೊನ್ನೆ ಸುತ್ತುತ್ತಿದ್ರಂತೆ."

"ಮತ್ತೆ ಆಸ್ಪತ್ರೆ ಸಾಲು? ಅದೂ ಸುಳ್ಳಾ?"

"ಇಬ್ಬರು ಡಾಕ್ಟರಿದ್ದ ಕಡೆ ಒಬ್ಬರಾದ್ರು. ಸಾಲು ಉದ್ದ ಆಗದೆ ಗಿಡ್ಡ ಆಗುತ್ತಾ? ಆ ಜನ ಹೆದರಿ ಬರೋದನ್ನೇ ಬಿಟ್ಟಿದ್ದಾರೆ. ಹಿಂದಿನ ಮನೆ ಮಗೂಗೆ ನಾಲ್ಕು ದಿನದಿಂದ ಜ್ವರವಂತೆ, ನೋಡೋಕೆ ಹೋಗ್ತಿದ್ದೀನಿ. ನಿಮ್ಮ ದಂಡು ನೋಡ್ಬೇಕು ಅಂದ್ರೆ ಬನ್ನಿ."

ಮೇಷ್ಟ್ರು ಹೋದರು. ಒಂದೇ ಕೋಣೆ. ದೊಡ್ಡ ತೊಟ್ಟಿ, ಎರಡು ಇಸ್ತ್ರಿಪೆಟ್ಟಿಗೆ, ಸಾಬೂನಿನ ವಾಸನೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಎದ್ದು ನಿಂತಳು; ಇಸ್ತ್ರಿ ಮಾಡುತ್ತಿದ್ದ ಅವಳ ಗಂಡ ಕೈ ನಿಲ್ಲಿಸಿದ. ಮಂಚದ ಮೇಲೆ ಐದು ವರ್ಷದ ಹುಡುಗಿ ಏದುಸಿರು ಬಿಡುತ್ತ ಮಲಗಿದ್ದಳು. ಗೋಡೆಯ ಪಕ್ಕದಲ್ಲಿ ಮಡಚಿಟ್ಟ ನೀಲಿ ಅಂಗಿಗಳು.

ಸೊಸೆ ಮೇಲಿನದೊಂದನ್ನು ಎತ್ತಿ ಕೊಟ್ಟಳು. "ಬಸ್ ಡಿಪೋ ಡ್ರೈವರುಗಳ ಅಂಗಿ, ಒಗೆಯೋಕೆ ಇವರಿಗೆ ಕೊಡ್ತಾರೆ. ಇದು ಯಾರದು ನೋಡಿ."

ಜೇಬಿಗೆ ಕೆಂಪು ದಾರದ ಹೊಲಿಗೆ. ನೀಲಿ ದಾರ ಸಿಗಲಿಲ್ಲವೆಂದು ಡ್ರೈವರಾಗಿದ್ದ ಮಗನ ಅಂಗಿಗೆ ಹಾಗೆ ಹೊಲಿದವಳು ಮೇಷ್ಟ್ರ ಹೆಂಡತಿ. ಅವಳು ತೀರಿಹೋಗಿ ಎಂಟು ತಿಂಗಳಾಗಿತ್ತು. ಮೇಷ್ಟ್ರು ಆ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ನುಗ್ಗಿ ಬಂದವರ ಲೆಕ್ಕದಲ್ಲಿ ಹೆತ್ತ ಮಗನನ್ನೂ ಸೇರಿಸಿದ್ದರು.

"ಆಸ್ಪತ್ರೆಗೆ ಯಾಕೆ ಬರಲಿಲ್ಲಮ್ಮ?" ಸೊಸೆ ಕೇಳಿದಳು.

ತಾಯಿ ತೊದಲುತ್ತ ಹೇಳಿದಳು. "ಹೋದರೆ ಹೆಸರು ಬರೀತಾರೆ. ಹೆಸರು ಬರೆದರೆ ಓಡಿಸ್ತಾರೆ." ದಿಂಬಿನ ಕೆಳಗಿಂದ ಅದೇ ಕರಪತ್ರ ತೆಗೆದು ತೋರಿಸಿದಳು.

ಮೇಷ್ಟ್ರು ಹುಡುಗಿಯ ಹಣೆ ಮುಟ್ಟಿ ನೋಡಿದರು. ಹೆಂಡತಿಗೆ ಕಾಯಿಲೆಯಾದಾಗ ‘ನಾಳೆ ನೋಡೋಣ’ ಎಂದು ಮೂರು ದಿನ ಕಳೆದವರು ಅವರೇ. ಆಮೇಲೆ ಹೇಳಿದರು: "ಜ್ವರ ಕೊಡುವಾಗ ದೇವರು ಕಾಗದ ಕೇಳಲಿಲ್ಲ. ಮದ್ದು ಕೊಡುವಾಗ ಕೇಳೋಕೆ ನಾವ್ಯಾರು? ಏಳಮ್ಮ, ಮಗೂನ ಎತ್ತಿಕೋ. ನಾನೂ ಬರ್ತೀನಿ."

ಸೋಂಕು ಶ್ವಾಸಕೋಶಕ್ಕೆ ಇಳಿದಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಷ್ಟ್ರಿಗೆ ಇನ್ನೂ ಒಂದು ಸಂಶಯ ಉಳಿದಿತ್ತು.

"ಹಾಗಂತ ಯಾರು ಬೇಕಾದ್ರೂ ಬರಲಿ, ಲೆಕ್ಕವೇ ಬೇಡ ಅಂತೀಯಾ?"

"ಲೆಕ್ಕ ಬೇಕು ಮಾವ. ಹೆದರಿಸಿದ್ರೆ ಅವಿತುಕೋತಾರೆ. ಅವಿತವರನ್ನ ಎಣಿಸೋದು ಹೇಗೆ? ಮದ್ದಿನ ಕೋಣೆ ಒಂದು ಕಡೆ, ಹೆಸರು ಬರೆಸೋ ಕಚೇರಿ ಇನ್ನೊಂದು ಕಡೆ ಇರಲಿ. ಬರೆಸಿದವರಿಗೆ ಕೆಲಸದ ಚೀಟಿ ಕೊಡಲಿ. ಆಗ ಅವರನ್ನ ಅರ್ಧ ಕೂಲಿಗೆ ದುಡಿಸಿ ನಮ್ಮವರ ಕೂಲಿ ಇಳಿಸೋದೂ ತಪ್ಪುತ್ತೆ. ಇಲ್ಲಿರಬಹುದೋ ಇಲ್ಲವೋ ಅನ್ನೋದನ್ನ ಅವರ ಮಾತು ಪೂರ್ತಿ ಕೇಳಿ ತೀರ್ಮಾನ ಮಾಡಲಿ. ಅಲ್ಲಿವರೆಗೆ ಸಂಜೆ ಹೊತ್ತು ನಮ್ಮ ಭಾಷೆ ಕಲಿಸಬಹುದು."

"ಕಲಿಸೋಕೆ ಯಾರಿಗೆ ಬಿಡುವಿದೆ?"

"ತಾರಸಿ ಮೇಲೆ ನಿಂತು ಅಂಗಿ ಎಣಿಸೋರು ಒಬ್ಬರಿದ್ದಾರೆ."

ಎಷ್ಟೋ ದಿನದ ಮೇಲೆ ಮೇಷ್ಟ್ರು ನಕ್ಕರು.

ಭಾನುವಾರದ ಸಭೆಯಲ್ಲಿ ಮೊದಲ ಸಹಿಗೆ ಅವರನ್ನೇ ಕರೆದರು. ಮೇಷ್ಟ್ರು ಎದ್ದು ನಿಂತರು. "ನಲವತ್ತೆರಡು ಅಂದವನು ನಾನೇ. ತಪ್ಪು ಲೆಕ್ಕ. ಆ ಮನೆಯಲ್ಲಿರೋದು ಮೂರು ಜನ. ಅಂಗಿಗಳು ಡಿಪೋದಲ್ಲಿ ದುಡಿಯೋ ನಮ್ಮ ಮಕ್ಕಳವು."

"ನಿಮ್ಮ ಲೆಕ್ಕವೂ ತಪ್ಪುತ್ತಾ ಮೇಷ್ಟ್ರೇ?" ಕ್ಷೌರಿಕ ಕೇಳಿದ.

"ತಪ್ಪುತ್ತೆ. ತಪ್ಪಿದ್ರೆ ಎಲ್ಲರೆದುರಿಗೇ ಅಳಿಸಿ ಬರೀಬೇಕು."

ಅರ್ಜಿಯನ್ನು ಮಗುಚಿ, ಅದರ ಬೆನ್ನಿಗೆ ಹೊಸದು ಬರೆದರು: ಇನ್ನೊಬ್ಬ ಡಾಕ್ಟರು ಬೇಕು, ರೋಗಿಯ ಬಳಿ ಕಾಗದ ಕೇಳಬಾರದು, ಹೆಸರು ಬರೆಸಲು ಬೇರೆ ಕಚೇರಿ ಬೇಕು. ಕ್ಷೌರಿಕ ಸಹಿ ಹಾಕಿದ. ಕೆಲವರು ಯೋಚಿಸುತ್ತೇವೆಂದು ಎದ್ದು ಹೋದರು. ಅವರ ಮನೆಗಳಿಗೆ ಮೇಷ್ಟ್ರೂ ಮಗನೂ ಸೊಸೆಯೂ ಸಂಜೆ ಹೋಗಿ ವಿಷಯ ತಿಳಿಸಿ ಬಂದರು. ಹುಡುಗಿ ಚೇತರಿಸಿಕೊಂಡು ಮನೆಗೆ ಮರಳಿದಳು.

ಅಕ್ಕಂದಿರೇ, ಅಣ್ಣಂದಿರೇ, ‘ಇಷ್ಟು ಜನ ನುಗ್ಗಿದ್ದಾರೆ’ ಎಂದು ಯಾರಾದರೂ ಹೆದರಿಸಿದರೆ, ಎಣಿಸಿದವರು ಯಾರೆಂದು ಕೇಳಿ. ಹೊಸಬರು ಅವಿತುಕೊಳ್ಳುವಂತೆ ಮಾಡುವ ನಿಯಮಕ್ಕಲ್ಲ, ಅವರನ್ನು ಬೆಳಕಿಗೆ ತರುವ ನಿಯಮಕ್ಕೆ ನಿಮ್ಮ ಸಭೆಯಲ್ಲಿ ಕೈಯೆತ್ತಿ. ಪಕ್ಕದ ಮನೆಯ ಮಗು ಕೆಮ್ಮುವುದು ಕೇಳಿಸುತ್ತಿದ್ದರೆ ಸಭೆಗೆ ಕಾಯಬೇಡಿ. ಇವತ್ತೇ ಹೋಗಿ ಬಾಗಿಲು ತಟ್ಟಿ.