ಎಡಗಾಲಿನ ಬೂಟು

ಕಣ್ಣಿಗೆ ಕಟ್ಟಿದ ವಿಆರ್ ಕನ್ನಡಕದೊಳಗೆ ಯಾರದೋ ಬೆವರಿನ ವಾಸನೆ, ಎದುರಿಗೆ ಗಣಿಯ ಸುರಂಗ, ಸುಳ್ಳು ಸುರಂಗ, ಧೂಳಿಲ್ಲ ಸೆಕೆಯಿಲ್ಲ, ಆದರೂ ಚಿಲೇಶೆಯ ಕೈ ತಾನಾಗಿ ತಲೆಯ ಮೇಲೆ ಹೆಲ್ಮೆಟ್ ಹುಡುಕಿತು — ಇಲ್ಲ, ಕೂತಿರುವುದು ಕಿಟ್ವೆ ಪಟ್ಟಣದ ಗಣಿ ಕಂಪನಿಯ ತರಬೇತಿ ಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಇವತ್ತು ಪಾಸಾದರೆ ನಾಳೆ ಗಣಿಗಿಳಿಯಬಹುದು, ಗಂಡ ಗಣಿಯಲ್ಲಿ ಸತ್ತರೆ ಹೆಂಡತಿಗೆ ಕೊಡುವ ಕೆಲಸ, ಇದೂ ತಪ್ಪಿದರೆ ಕಂಪನಿಯ ಮನೆ ಬಿಡಬೇಕು — ಕನ್ನಡಕದೊಳಗಿನ ಸುರಂಗದಲ್ಲೊಬ್ಬ ಗೊಂಬೆಮನುಷ್ಯ ಸಲಾಕೆಯಿಂದ ತಲೆಮೇಲಿನ ಬಂಡೆ ಬಡಿಯುತ್ತಾನೆ, ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಟೊಳ್ಳು, ಗಂಡ ಕಪೆಂಬ್ವಾ ಮನೆಯ ಗೋಡೆಯನ್ನೂ ಹಾಗೇ ಬಡಿಯುತ್ತಿದ್ದ, ನ್ಶಿಮಾ ಮುದ್ದೆ ಬೇಯಿಸುವ ಪಾತ್ರೆಯನ್ನೂ, ನೀನೂ ಟೊಳ್ಳೇನೇ ಅಂತ ಅವಳ ಬೆನ್ನನ್ನೂ, ಹಾಳಾದವನು, ಎಷ್ಟು ನಗಿಸುತ್ತಿದ್ದ. ಡಬ್. ಆದರೂ ಗೊಂಬೆ ಒಳಗೆ ಹೋಗುತ್ತದೆ, ಬಂಡೆ ಬೀಳುತ್ತದೆ, ಬೂಟುಗಳು ಮಾತ್ರ ಹೊರಗೆ, ಎಡಗಾಲಿನದಕ್ಕೆ ಲಾಡಿಯ ಬದಲು ಸಿಡಿಮದ್ದಿನ ಕೆಂಪು ತಂತಿ.

ಕೆಂಪು ತಂತಿ. ಕಟ್ಟಿದ್ದು ಅವಳೇ, ಅವನು ಸತ್ತ ದಿನ ಬೆಳಿಗ್ಗೆ, ಲಾಡಿ ಹರಿದೋಯ್ತು ಕಣೇ, ಜೇಬಲ್ಲಿ ಮದ್ದಿನ ತಂತಿ ಇದೆ ನೋಡು, ಗಣಿಯವರಿಗೆ ಎಲ್ಲದಕ್ಕೂ ಅದೇ ತಂತಿ — ಅಂದರೆ ಇವನು ಕಪೆಂಬ್ವಾನೇ, ಅಪಘಾತದ ಫೋಟೋ ನೋಡಿ ಮಾಡಿದ್ದಾರೆ, ಗಂಟನ್ನೂ ಬಿಟ್ಟಿಲ್ಲ, ಬಿಟ್ಟಿದ್ದು ಮೇಸ್ತ್ರಿ ಸಿಕಸೋತೆಯನ್ನು ಮಾತ್ರ, ಟೊಳ್ಳಿದೆ ಬಾಸ್ ಅಂದ ಕಪೆಂಬ್ವಾಗೆ ಭಯ ಆದ್ರೆ ಹೆಂಡ್ತಿ ಉಡೋ ಚಿಟೆಂಗೆ ಬಟ್ಟೆ ಸುತ್ಕೊಂಡು ಮನೇಲಿ ಕೂತ್ಕೋ ಹೋಗೋ ಅಂದವನನ್ನು, ಜೊತೆಗಾರರು ಸಾವಿನ ಮನೆಯಲ್ಲಿ ಅವಳ ಕಿವಿಗಷ್ಟೇ ಹೇಳಿ ಬಾಯಿಗೆ ಬೀಗ ಹಾಕಿಕೊಂಡ ಆ ಮಾತನ್ನೂ. ಈಗ ಕಣ್ಣೆದುರು ಪ್ರಶ್ನೆ, ಸಾವಿಗೆ ಕಾರಣವೇನು, ಕೆಳಗಿನ ಉತ್ತರಗಳಲ್ಲಿ ಎಲ್ಲೂ ಮೇಸ್ತ್ರಿಯಿಲ್ಲ, ಕಾರ್ಮಿಕನ ಅಜಾಗರೂಕತೆ ಅಂತ ಒತ್ತಬೇಕಂತೆ, ಬಾಗಿಲಲ್ಲೇ ಎಲ್ಲರೂ ಹೇಳಿಕೊಟ್ಟಿದ್ದರು. ಒತ್ತಿಬಿಡಿ ಬನಾ ಮುಲೆಂಗಾ, ಮುಲೆಂಗಾನ ಅಮ್ಮ ನೀವು, ಮಗನ ಮುಖ ನೋಡಿಯಾದ್ರೂ ಒತ್ತಿ, ತರಬೇತಿ ಕೊಡುವ ಮ್ವಾಬಾ ಗೋಗರೆಯುತ್ತಾನೆ. ಅವನ ಮುಖ ನೋಡೇ ಒತ್ತದೆ ಇರೋದು ಕಣಪ್ಪಾ, ಅಪ್ಪಂದೇ ತಪ್ಪು ಅಂತ ಅವನಿಗೆ ಹೇಳ್ಲಾ, ಮನೆ ಹೋದ್ರೆ ಹೋಗ್ಲಿ, ಮೊದ್ಲು ಸಿಕಸೋತೆನ ಇದ್ರೊಳಗೆ ತಂದು ನಿಲ್ಸಿ, ಅವನ ಬಾಯಲ್ಲಿ ಆ ಮಾತು ಹಾಕಿ, ಆಮೇಲೆ ಕೇಳಿ — ಇದನ್ನು ಜೋರಾಗಿಯೇ ಅಂದಳೇನೋ, ಕೋಣೆಯಲ್ಲಿ ಕುರ್ಚಿಗಳು ಸರಿದ ಸದ್ದು, ಯಾರೋ ಕೆಮ್ಮಿದರು, ಆ ಕೆಮ್ಮು ಅವಳಿಗೆ ಗೊತ್ತು, ಸಿಕಸೋತೆ ಇಲ್ಲೇ ಇದ್ದಾನೆ, ಇರಲಿ, ಕೇಳಲಿ. ಕನ್ನಡಕ ತೆಗೀರಿ ಅಮ್ಮಾ, ಮ್ವಾಬಾನ ದನಿ. ತೆಗೆಯುವುದಿಲ್ಲ. ಉತ್ತರ ಒತ್ತುವವರೆಗೆ ಯಂತ್ರ ಮುಂದೆ ಹೋಗದು, ಅವಳೂ ಹೋಗಳು, ಬಂಡೆಯ ಕೆಳಗೆ ಎಡಗಾಲಿನ ಬೂಟು, ಕೆಂಪು ತಂತಿ, ಅವಳು ಹಾಕಿದ ಗಂಟು, ಇನ್ನೂ ಬಿಚ್ಚಿಲ್ಲ.