ದೀಪದ ಬೆನ್ನಿನ ತೂತು

ಹೆಡ್‌ಲೈಟಿನ ಗಾಜಿನ ಅಂಚನ್ನು ಎರಡೂ ಹೆಬ್ಬೆರಳಿಂದ ಒತ್ತಿ ಹಿಡಿದು ಚಿಕ್ಕವ ಮನಸ್ಸಿನಲ್ಲೇ ನೂರರವರೆಗೆ ಎಣಿಸುತ್ತಿದ್ದ. ಎಪ್ಪತ್ತೆರಡಕ್ಕೆ ಬಾಗಿಲಲ್ಲಿ ನೆರಳು ಬಿತ್ತು.

"ಇನ್ನೆಷ್ಟು ಹೊತ್ತು ಸ್ವಾಮಿ?" ಶವದ ವ್ಯಾನಿನ ಡ್ರೈವರ್ ಕೇಳಿದ. "ಒಂದೇ ಲೈಟಲ್ಲಿ ಹೋಗಬಹುದಿತ್ತು. ಆದ್ರೆ ಹೊರಗೆ ನೋಡಿ, ಮಧ್ಯಾಹ್ನಾನೂ ಮಂಜು ಕರಗಿಲ್ಲ."

"ಅರ್ಧ ಗಂಟೆ. ಅಂಟು ತಣ್ಣಗಾಗಬೇಕು."

"ಎಂಥಾ ಗ್ರಹಚಾರ! ಒಳಗೆಲ್ಲ ಬೆವರಿದೆ ನೋಡಿ ಮೇಷ್ಟ್ರೇ ಅಂತ ಮೊನ್ನೆ ನಾನೇ ಗಾಡಿ ತಂದೆ. ಈಗ ಎಡಗಡೇದು ಬಿಚ್ತೀನಿ, ಬಲಗಡೇದು ಶುಕ್ರವಾರ ಅಂದ್ರು. ಅವರನ್ನೇ ಕರ್ಕೊಂಡು ಹೋಗ್ಬೇಕು ಅಂತ ಯಾರಿಗೆ ಗೊತ್ತಿತ್ತು?"

ಮೇಷ್ಟ್ರು ಎಂದರೆ ಚಿಕ್ಕವನ ಅಣ್ಣ. ಶಾಲೆಯ ಮೆಟ್ಟಿಲನ್ನೇ ನೆಟ್ಟಗೆ ಹತ್ತಿದವನಲ್ಲ. ಹೆಡ್‌ಲೈಟಿನೊಳಗೆ ಸೇರಿದ ತೇವ ತೆಗೆಯುವುದು ಅವನ ಕಸುಬು. ಬಂದವರಿಗೆಲ್ಲ ಒಂದೇ ಪಾಠ ಹೇಳಿ ಹೇಳಿ 'ಲೈಟ್ ಮೇಷ್ಟ್ರು' ಆಗಿಹೋದ. ದೀಪದ ಬೆನ್ನಿಗೆ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಅದನ್ನು ಮುಚ್ಚಿದರೆ ಒಳಗಿನ ತೇವ ಒಳಗೇ ಕೂತು ಗಾಜಿಗೆ ಮಂಜು ಕಟ್ಟುತ್ತದೆ. ಇಷ್ಟೇ ಪಾಠ. ನಿನ್ನೆ ಬೆಳಿಗ್ಗೆ ಈ ದೀಪವನ್ನು ಬಿಸಿಪೆಟ್ಟಿಗೆಯಲ್ಲಿಟ್ಟು, ಗಾಜು ಬಿಡಿಸಿ, ಒಳಗೆ ಒರೆಸಿ, ಹೊಸ ಅಂಟಿನ ಎಳೆ ಕೈಗೆತ್ತಿಕೊಂಡವನು ಸ್ಟೂಲಿನಿಂದ ಹಾಗೆಯೇ ಕುಸಿದಿದ್ದ.

ಚಿಕ್ಕವ ಈ ಕೆಲಸ ಬಿಟ್ಟು ಹದಿನಾರು ವರ್ಷವಾಗಿತ್ತು. ಕೈ ಮರೆತಿರಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತು.

ಅತ್ತಿಗೆ ಟೀ ಲೋಟ ತಂದು ಮೇಜಿನ ಮೇಲಿಟ್ಟಳು.

"ಆ ಅಂಚೆ ವ್ಯಾನಿನವನೂ ಬಂದಿದ್ದಾನೆ ಕಣೋ. ಊರುಗೋಲು ಊರ್ಕೊಂಡು ಅವರ ಕಾಲ ಹತ್ರ ನಿಂತ. ನಂಗೆ ತಲೆ ಎತ್ತೋಕಾಗ್ಲಿಲ್ಲ."

ಚಿಕ್ಕವ ಗಾಜಿನಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮಣ್ಣನ ಹಾಗೆ ನೀನೂ ತೂತು ಮುಚ್ಚಿಬಿಟ್ಟೀಯ ಮತ್ತೆ," ಎಂದಳು. ಹೋಗುತ್ತಾಳೆಂದುಕೊಂಡರೆ ಹೋಗಲಿಲ್ಲ. "ನಿನ್ನೆ ಬೆಳಿಗ್ಗೆ ಎಂಟಕ್ಕೂ ಇದನ್ನೇ ಅಂದೆ. ಕನ್ನಡಕ ಹುಡುಕ್ತಾ ಇದ್ರು. ಅಷ್ಟು ದೊಡ್ಡ ತೂತು ಕಾಣದ ಕಣ್ಣಿಗೆ ಕನ್ನಡಕ ಒಂದು ಕೇಡು ಅಂದುಬಿಟ್ಟೆ. ನಕ್ಕು ಇತ್ಲಾಗೆ ಬಂದ್ರು. ಅದೇ ಕೊನೆ. ನಾನು ಸುಳ್ಳೇನೂ ಹೇಳ್ಲಿಲ್ಲ, ಅಲ್ವೇನೋ?"

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೊಂದೇ ಮಾತು.

*

ಹದಿನಾರು ವರ್ಷದ ಹಿಂದೆ ಅಂಗಡಿ ಮುಖ್ಯರಸ್ತೆಯಲ್ಲಿತ್ತು. ಅಣ್ಣ ಊಟಕ್ಕೆ ಹೋಗಿದ್ದ. ಮೂವತ್ತು ದಾಟಿ ಕೆಲಸ ಕಲಿಯಲು ಕೂತಿದ್ದ ಚಿಕ್ಕವ ಅಂಚೆ ವ್ಯಾನಿನ ದೀಪ ಹಿಡಿದು, ನೀರು ಎಲ್ಲಿಂದ ಬರುತ್ತದೆಂದು ಹುಡುಕಿದ. ಹಿಂದೆ ತೂತು ಕಂಡಿತು. "ಸಿಕ್ಕಿದೆಯಾ ಕಳ್ಳ!" ಎಂದು ಅಂಟು ತುಂಬಿ, ಬೆರಳಲ್ಲಿ ನಯವಾಗಿ ಸವರಿದ. ಅಣ್ಣ ಬರುವ ಮೊದಲೇ ಗಾಡಿ ಹೋಗಿತ್ತು.

ಮೂರನೆಯ ವಾರ, ಸಂಜೆಗತ್ತಲಲ್ಲಿ, ದೀಪ ಮಬ್ಬಾಗಿ ಎದುರು ಕಾಣದೆ ಆ ವ್ಯಾನು ಸೇತುವೆಯ ಗೋಡೆಗೆ ಬಡಿಯಿತು. ಚಾಲಕನ ಕಾಲು ಹೋಯಿತು.

"ಇದನ್ನ ಯಾರ್ರೀ ಮುಚ್ಚಿದ್ದು?" ಪೊಲೀಸಿನವನು ಒಡೆದ ದೀಪ ಎತ್ತಿ ಕೇಳಿದ.

ಚಿಕ್ಕವನ ಅಂಗಿಯ ಜೇಬಿನಲ್ಲಿ ಬಸ್ ಡಿಪೋದಲ್ಲಿ ಕೆಲಸ ಸಿಕ್ಕ ಪತ್ರವಿತ್ತು. ಅಣ್ಣ ಒಮ್ಮೆ ಆ ಜೇಬನ್ನು ನೋಡಿದ.

"ನಾನೇ," ಎಂದ.

ಆಮೇಲೆ ಶೆಟರ್ ಎಳೆಯುತ್ತ, "ನಿಮ್ಮತ್ತಿಗೆ ಹತ್ರ ಬಾಯಿ ಬಿಡಬೇಡ. ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ. ಸಮಯ ನೋಡಿ ನಾನೇ ಹೇಳ್ತೀನಿ," ಎಂದಿದ್ದ. ಆ ಸಮಯ ಬರಲೇ ಇಲ್ಲ. ಗಿರಾಕಿಗಳು ತಪ್ಪಿದರು, ಅಂಗಡಿ ಮುಚ್ಚಿ ಮನೆಯ ಹಿಂದಿನ ಈ ತಗಡಿನ ಶೆಡ್ಡಿಗೆ ಬಂತು. ಅತ್ತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಮೇಷ್ಟ್ರ ಪಾಠ ಶುರುವಾದದ್ದು ಅಂದಿನಿಂದಲೇ.

*

"ಅತ್ತಿಗೆ, ಅದನ್ನ ಮುಚ್ಚಿದ್ದು ನಾನು."

"ಯಾವುದನ್ನ?"

"ಅಂಚೆ ವ್ಯಾನಿಂದು. ಅಣ್ಣ ಅಲ್ಲ. ನಾನು."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಚಿಕ್ಕವ ಕಾದ.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವನೇ ಬೇಡ ಅಂದ."

"ಅವರು ಅಂದ್ರು, ನೀನು ಕೇಳ್ದೆ! ಪ್ರತಿ ಭಾನುವಾರ ನನ್ನ ಕೈ ಅಡುಗೆ ಉಂಡು ಹೋದೆಯಲ್ಲೋ. ನಾನು ಅವರನ್ನ ಚುಚ್ಚೋವಾಗ ಎದುರಿಗೇ ಕೂತಿದ್ದೆಯಲ್ಲೋ." ಅವಳ ದನಿ ಏರಲಿಲ್ಲ. "ನಿನ್ನೆ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಿನ್ನೆ, ಬೆಳಿಗ್ಗೆ ಎಂಟಕ್ಕೆ ಮುಂಚೆ?"

ಟೀ ಕೆನೆಗಟ್ಟಿತ್ತು. ಅವಳು ಅದನ್ನೆತ್ತಿಕೊಂಡು, ಕುಡಿಯೆಂದು ಹೇಳದೆ, ಹೊರಗೆ ಚೆಲ್ಲಿ ಹೋದಳು.

ದೀಪ ಕೂರಿಸುವಾಗ ಚಿಕ್ಕವ ಬೆನ್ನಿನ ತೂತನ್ನು ಮೂರು ಸಲ ಬೆರಳಿಂದ ಮುಟ್ಟಿ ನೋಡಿದ. ಅಣ್ಣನನ್ನು ಆಗಲೇ ವ್ಯಾನಿನೊಳಗೆ ಮಲಗಿಸಿದ್ದರು. ಡ್ರೈವರ್ ಸ್ವಿಚ್ ಒತ್ತಿದ. ಎಡಗಡೆಯ ಬೆಳಕು ರಸ್ತೆಯ ಕಲ್ಲುಗಳ ಮೇಲೆ ಚೊಕ್ಕವಾಗಿ ಬಿತ್ತು. ಬಲಗಡೆಯದು ಗಾಜಿನೊಳಗಿನ ಹನಿಗಳಲ್ಲೇ ಮಬ್ಬಾಗಿ ನಿಂತಿತು.

ಅತ್ತಿಗೆ ಗುಂಪಿನಿಂದ ಬಂದು ಆ ಮಬ್ಬು ದೀಪದ ಮುಂದೆ ಕುಕ್ಕರಿಸಿದಳು. ಸ್ವೆಟರಿನ ತೋಳು ಎಳೆದುಕೊಂಡು ಗಾಜು ಒರೆಸತೊಡಗಿದಳು.

"ಅಮ್ಮಾ, ಅದು ಒಳಗಡೇದು," ಡ್ರೈವರ್ ಮೆಲ್ಲಗೆ ಹೇಳಿದ. "ಹೊರಗಿಂದ ಹೋಗಲ್ಲ."

"ಗೊತ್ತಪ್ಪಾ."

ತೋಳನ್ನು ತಿರುಗಿಸಿ, ಒಣಗಿದ್ದ ಕಡೆಯಿಂದ ಮತ್ತೆ ಒರೆಸಿದಳು.