ನೀರಿನ ಮೇಲಿನ ಸ್ಟೇರಿಂಗ್

ಸ್ಟೇರಿಂಗ್ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬರುವವರನ್ನು ಕಂಡರೆ ಮೈ ಉರಿಯುತ್ತದೆ. ಸವಣೂರಿನಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ಇಟ್ಟಿದ್ದೇನೆ. ಹಾನಗಲ್ಲಿನಿಂದ ಶಿಗ್ಗಾಂವಿಯವರೆಗೆ ಯಾವ ಟ್ರ್ಯಾಕ್ಟರು ಎಡಕ್ಕೆ ಎಳೆದರೂ ಕೊನೆಗೆ ಬರುವುದು ಮುಬಶೀರ ಮಿಸ್ತ್ರಿಯ ಹತ್ತಿರವೇ. ಅಂಥವನು ಕಳೆದ ಆಷಾಢದಲ್ಲಿ ಒಬ್ಬ ನಿವೃತ್ತ ನರ್ಸಬಾಯಿಯ ಎದುರು ತಲೆ ತಗ್ಗಿಸಿ ನಿಂತೆ. ಅದನ್ನು ಹೇಳಿಬಿಡುತ್ತೇನೆ.

ಅವರ ಹೆಸರು ನೀಲಾಂಬಿಕಾ. ರಟ್ಟೀಹಳ್ಳಿಯ ಹೊಲಮನೆಯವರ ಮಗಳು, ಕಾರವಾರದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಅಲ್ಲಿ ರಜೆಯ ದಿನಗಳಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತರಂತೆ. ಅವರು ಕಲಿತ ದೋಣಿಗೇ ಮುಪ್ಪು ಬಂದು ಅದನ್ನು ದಂಡೆಗೆ ಎಳೆದು ಬಿಟ್ಟಾಗ, ಲಾರಿಯ ಮೇಲೆ ಹೇರಿಕೊಂಡು ಬಂದು ಹಿರೇಕೆರೂರಿನ ಆಚೆಯ ದೊಡ್ಡ ಕೆರೆಗೆ ಇಳಿಸಿದ್ದರು. ಸುತ್ತಲಿನ ಶಾಲೆಯ ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ತಿರುಗಿಸಬೇಕೆಂಬುದು ಅವರ ಆಸೆ.

ಆದರೆ ಕೆರೆ ನೋಡಿಕೊಳ್ಳುವ ಸಾಹೇಬರು ಪತ್ರ ಕಳಿಸಿದ್ದರು. ಸೋಮವಾರ ಪರೀಕ್ಷೆ. ನೀರಿನಲ್ಲಿ ತೇಲಿಬಿಟ್ಟ ಎರಡು ನೀಲಿ ಡ್ರಮ್ಮುಗಳಲ್ಲಿ ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಸುತ್ತಿ ದಂಡೆಗೆ ಬರಬೇಕು. ಆಗದಿದ್ದರೆ ದೋಣಿಯನ್ನು ಕೆರೆಯಿಂದ ಎತ್ತಬೇಕು. ಎತ್ತಿ ಇಡಲು ಅವರಿಗೆ ಬೇರೆ ಜಾಗವಿರಲಿಲ್ಲ, ಕತ್ತರಿಸಿ ಗುಜರಿಗೆ ಹಾಕುವುದೊಂದೇ ದಾರಿ. ಇಂಥ ಹೊತ್ತಿನಲ್ಲಿ ದೋಣಿಯ ದಿಕ್ಕು ಬದಲಿಸುವ ಚಕ್ರ ಬಿಗಿದುಕೊಂಡು ತಿರುಗದಂತಾಗಿತ್ತು.

"ಅಲ್ರೀ ಅಕ್ಕಾರ, ದೋಣಿಗೂ ಸ್ಟೇರಿಂಗ್ ಇರ್ತೈತೇನ್ರಿ?" ಎಂದು ಫೋನಿನಲ್ಲಿ ನಕ್ಕಿದ್ದೆ.

"ಬಂದು ನೋಡ್ರಿ ಮಿಸ್ತ್ರಿ. ನಗೂದು ಆಮ್ಯಾಲ ನಗ್ರಿ," ಎಂದರು.

ಶನಿವಾರ ಹೋದೆ. ಇಪ್ಪತ್ತಾರು ಅಡಿ ಉದ್ದದ ಬಿಳಿ ದೋಣಿ, ನಡುವೆ ಎತ್ತರದ ಹಾಯಿಕಂಬ, ಹಿಂದುಗಡೆ ಬಸ್ಸಿನದಕ್ಕಿಂತ ದೊಡ್ಡದಾದ ಸ್ಟೀಲಿನ ಚಕ್ರ. ಎಂಜಿನ್ ಎಲ್ಲಿ ಎಂದು ಕೇಳಿದೆ. ಇಲ್ಲವೆಂದರು. ಇಷ್ಟು ದೊಡ್ಡದನ್ನು ಬರಿಯ ಗಾಳಿ ಎಳೆಯುತ್ತದೆ ಎಂದರೆ ನನಗೆ ನಂಬಿಕೆ ಬರಲಿಲ್ಲ. ಈಜು ಬಾರದವನು ನಾನು, ಹಲಗೆ ದಾಟಿ ಹತ್ತುವಾಗಲೇ ಅಂಜಿಕೆಯಾಗಿತ್ತು. ಅದನ್ನು ಮಾತ್ರ ತೋರಿಸಿಕೊಳ್ಳಲಿಲ್ಲ.

ಕೆಲಸ ನನಗೆ ಗೊತ್ತಿದ್ದ ಜಾತಿಯದೇ. ಚಕ್ರದ ಹಿಂದೆ ಹಲ್ಲುಗಾಲಿ, ಅದರ ಮೇಲೆ ಸೈಕಲ್ಲಿನಂಥ ಚೈನು, ಚೈನಿನ ಎರಡು ತುದಿಗೆ ಎರಡು ತಂತಿಹಗ್ಗ. ಅವು ಕೆಳಗಿಳಿದು ರಾಟೆಗಳ ಮೇಲೆ ಹಾದು, ಹಿಂದಿನ ಒಂದು ಲೋಹದ ತಟ್ಟೆಯನ್ನು ಎರಡೂ ಬದಿಯಿಂದ ಹಿಡಿದಿದ್ದವು. ತಟ್ಟೆ ತಿರುಗಿದರೆ ನೀರಿನೊಳಗಿನ ಹಲಗೆ, ಅಂದರೆ ಚುಕ್ಕಾಣಿ, ತಿರುಗುತ್ತದೆ. ರೋಗ ಎಲ್ಲಿದೆ ಎಂದು ತಿಳಿಯಲು ಮೊದಲು ಹಗ್ಗ ಕಳಚಿ ತಟ್ಟೆಯನ್ನು ಕೈಯಿಂದಲೇ ತಿರುಗಿಸಿದೆ. ಸಲೀಸಾಗಿ ತಿರುಗಿತು. ಹಾಗಾದರೆ ಚುಕ್ಕಾಣಿ ಸರಿಯಿದೆ, ಜಡ್ಡು ಮೇಲಿನದು. ಒಂದು ರಾಟೆ ತುಕ್ಕು ಹಿಡಿದು ಕುಳಿತಿತ್ತು. ಚೈನು ಒಣಗಿತ್ತು. ಹಗ್ಗದ ಎಳೆಗಳು ಹರಿದು ಜಾಲಿಮುಳ್ಳಿನ ಹಾಗೆ ಎದ್ದು ನಿಂತಿದ್ದವು, ನನ್ನ ಬೆರಳು ಕೊಯ್ದವು.

ಇನ್ನೊಂದು ಸಂಗತಿಯೂ ಕಂಡಿತು. ಚಕ್ರದ ಕೆಳಗೆ ಎರಡೂ ಹಗ್ಗ ಒಂದನ್ನೊಂದು ಅಡ್ಡ ಹಾಯ್ದಿದ್ದವು. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ.

"ಇದನ್ನ ಕಟ್ಟಿದಾಂವ ಯಾರ್ರಿ?" ಎಂದು ರೇಗಿದೆ. "ಎತ್ತಿನ ಹಗ್ಗ ಯಾರರ ಅಡ್ಡ ಹಿಡೀತಾರೇನು? ಒಂದಕ್ಕೊಂದು ತಿಕ್ಕಿ ಹರದಾವ ನೋಡ್ರಿ."

"ಇಪ್ಪತ್ತೆರಡು ವರ್ಷ ಹಂಗ ಇದ್ವು ಮಿಸ್ತ್ರಿ. ಏನರ ಕಾರಣ ಇದ್ದೀತು."

"ಅಕ್ಕಾರ, ನೀವು ಸೂಜಿ ಮಾಡುವಾಗ ನಾ ಬಂದು ಹಿಂಗ ಮಾಡ್ರಿ ಅಂತೇನೇನು?"

ಹೊಸ ಹಗ್ಗಗಳನ್ನು ನೇರಾನೇರ ಕಟ್ಟಿದೆ, ರಾಟೆ ಬದಲಿಸಿದೆ, ಗ್ರೀಸು ತುಂಬಿದೆ. ಭಾನುವಾರ ಸಂಜೆಗೆ ಚಕ್ರ ಒಂದೇ ಬೆರಳಿಗೆ ತಿರುಗಿತು. ನೀರಿಗಿಳಿದು ನೋಡೋಣವೆಂದರೆ ಗಾಳಿ ಪೂರಾ ಬಿದ್ದುಹೋಗಿತ್ತು. ಮುಬಶೀರ ಮುಟ್ಟಿದ ಸ್ಟೇರಿಂಗಿಗೆ ಮತ್ತೆ ಪರೀಕ್ಷೆ ಏಕೆ ಎಂದು ಜಂಬ ಕೊಚ್ಚಿಕೊಂಡು ಕೈ ತೊಳೆದೆ.

ಸೋಮವಾರ ಸಾಹೇಬರು ಬಂದು ಕೆರೆಯ ಏರಿಯ ಮೇಲೆ ನಿಂತರು. "ನಾ ಏನ್ ಹತ್ತೂದಿಲ್ಲ. ಇಲ್ಲಿಂದನ ಎಲ್ಲಾ ಕಾಣ್ತೈತಿ. ಮಿಸ್ತ್ರಿ ಬೇಕಾದ್ರ ಕುಂದರ್ಲಿ," ಎಂದರು. ನಾನು ತೇಲುವ ಜಾಕೀಟು ಕಟ್ಟಿಕೊಂಡು, ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು ಕುಳಿತೆ.

ನೀಲಾಂಬಿಕಾ ಹಾಯಿ ಏರಿಸಿದರು. ಬಟ್ಟೆ ಪಟಪಟ ಬಡಿದು, ಉಬ್ಬಿ, ಸುಮ್ಮನಾಯಿತು. ಅಷ್ಟೇ. ದಂಡೆ ಹಿಂದೆ ಸರಿಯತೊಡಗಿತು. ಹೊಗೆಯಿಲ್ಲ, ಸದ್ದಿಲ್ಲ, ಕಾಲ ಕೆಳಗೆ ನಡುಕವಿಲ್ಲ. ನಮ್ಮ ಹೊಲಗಳ ಮೇಲೆ ದಿನವೂ ಸುಮ್ಮನೆ ಬೀಸಿ ಹೋಗುವ ಗಾಳಿ ಇಷ್ಟು ಭಾರವನ್ನು ಹೊತ್ತುಕೊಂಡು ಹೊರಟಿತ್ತು. ಡೀಸೆಲ್ಲಿನ ವಾಸನೆಯಲ್ಲೇ ಆಯುಷ್ಯ ಕಳೆದವನಿಗೆ ಮೈ ಜುಮ್ಮೆಂದಿತು. ಯಾ ಅಲ್ಲಾ, ಐವತ್ತು ವರ್ಷ ಇದನ್ನು ನೋಡದೆ ಹೇಗಿದ್ದೆ ಎಂದುಕೊಂಡೆ.

ದಂಡೆಯಿಂದ ನೇರ ಬಂದದ್ದರಿಂದ ಅಲ್ಲಿಯವರೆಗೆ ಚಕ್ರ ತಿರುಗಿಸುವ ಪ್ರಸಂಗ ಬಂದಿರಲಿಲ್ಲ. ಮೊದಲ ಡ್ರಮ್ಮು ಹತ್ತಿರವಾಯಿತು. ಅವರು ಚಕ್ರವನ್ನು ಬಲಕ್ಕೆ ತಿರುಗಿಸಿದರು. ದೋಣಿ ಎಡಕ್ಕೆ ಹೊರಳಿತು. ಆ ಕಡೆ ತೂಬಿನ ಕಲ್ಲುಗಂಬಗಳಿದ್ದವು. ಇನ್ನಷ್ಟು ಬಲಕ್ಕೆ ತಿರುಗಿಸಿದರು. ದೋಣಿ ಇನ್ನಷ್ಟು ಎಡಕ್ಕೆ, ನೇರ ಕಂಬಗಳ ಕಡೆಗೇ ನುಗ್ಗಿತು.

ಆಗ ನನ್ನ ಮಂದ ತಲೆಗೆ ಹೊಳೆಯಿತು. ಹಿಟ್ಟಿನ ಗಿರಣಿಯಲ್ಲಿ ಪಟ್ಟಾ ಅಡ್ಡ ಹಾಕಿದರೆ ಗಾಲಿ ಉಲ್ಟಾ ತಿರುಗುತ್ತದೆ ಎಂಬುದು ನನಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು. ಇಲ್ಲಿ ಉಲ್ಟಾ ಹೋಗುವುದನ್ನು ಸರಿಮಾಡಲೆಂದೇ ಯಾರೋ ಬಲ್ಲವರು ಹಗ್ಗವನ್ನು ಅಡ್ಡ ಹಾಯಿಸಿದ್ದರು. ಸವಣೂರಿನ ಶಾಣ್ಯಾ ಮಿಸ್ತ್ರಿ ಅದನ್ನು ಬಿಚ್ಚಿ ಎಸೆದಿದ್ದ.

"ಅಕ್ಕಾರ, ಉಲ್ಟಾ ಆಗೈತ್ರಿ," ಎಂದೆ.

"ಗೊತ್ತಾತು. ಸುಮ್ನ ಕುಂದರ್ರಿ."

ಎರಡೂ ಕೈಯನ್ನು ಚಕ್ರದಿಂದ ಒಮ್ಮೆ ಎತ್ತಿದರು. ಒಂದು ಉಸಿರು ಬಿಟ್ಟರು. ಮತ್ತೆ ಹಿಡಿದು ಎಡಕ್ಕೆ ತಿರುಗಿಸಿದರು. ದೋಣಿ ಬಲಕ್ಕೆ ಬಾಗಿತು, ಕಂಬಗಳು ಕೈಗೆ ನಿಲುಕುವಷ್ಟು ಹತ್ತಿರದಲ್ಲಿ ಹಾದುಹೋದವು. ಇಪ್ಪತ್ತೆರಡು ವರ್ಷ ಕೈ ಕಲಿತದ್ದನ್ನು ಆ ಹೆಂಗಸು ಒಂದು ಉಸಿರಿನಲ್ಲಿ ಬದಿಗಿಟ್ಟಿದ್ದರು. ಇದೇನು ಮಹಾ ಎನ್ನುವವರು ಸೈಕಲ್ಲಿನ ಹ್ಯಾಂಡಲನ್ನು ಕೈ ಅಡ್ಡ ಹಾಕಿ ಹಿಡಿದು ಹತ್ತು ಮಾರು ಹೊಡೆದು ನೋಡಿ, ಹಲ್ಲು ಮುರಿದುಕೊಂಡು ಬರುತ್ತೀರಿ. ಬಲಕ್ಕ ಬೇಕಾದ್ರ ಎಡಕ್ಕ ಎಂದು ನೀಲಾಂಬಿಕಾ ಅವರ ತುಟಿ ಮಾತ್ರ ಅಲುಗುತ್ತಿತ್ತು. ಮೊದಲ ಡ್ರಮ್ಮನ್ನು ಬಲಕ್ಕೆ ಸುತ್ತಿದರು, ಎರಡನೆಯದನ್ನು ಎಡಕ್ಕೆ. ಮಗುವನ್ನು ಹಾಸಿಗೆಗೆ ಇಳಿಸುವಷ್ಟು ಮೆಲ್ಲಗೆ ದೋಣಿಯನ್ನು ದಂಡೆಗೆ ಹಚ್ಚಿದರು. ನಾನು ಅವರನ್ನೇ ನೋಡುತ್ತಿದ್ದೆ, ನೀರಿನ ಅಂಜಿಕೆ ನೆನಪೇ ಇರಲಿಲ್ಲ.

"ಭೇಷ್. ಮೊದಲ ಸ್ವಲ್ಪ ಅತ್ತಾಗ ಹೋತು, ಆಮ್ಯಾಲ ಚಲೋ ತಂದ್ರಿ," ಎಂದು ಸಾಹೇಬರು ಕಾಗದ ಬಿಚ್ಚಿ ಪೆನ್ನು ತೆಗೆದರು. ನನಗೆ ಜೀವ ಬಂದಂತಾಯಿತು. ಸಹಿ ಬೀಳಲಿ, ಆಮೇಲೆ ಹಗ್ಗ ಸರಿಮಾಡಿದರಾಯಿತು, ಯಾರಿಗೆ ತಿಳಿಯುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ಸಹಿ ಹಾಕಬ್ಯಾಡ್ರಿ," ಎಂದರು ನೀಲಾಂಬಿಕಾ. "ಚಕ್ರ ಉಲ್ಟಾ ತಿರಗಾಕತ್ತೈತಿ. ಇದರಾಗ ಮಕ್ಕಳ್ನ ಕುಂದರಸೂದೈತಿ."

ಪೆನ್ನು ನಿಂತಿತು. "ಉಲ್ಟಾ? ಮತ್ತ ನೀವು ಹೆಂಗ ತಂದ್ರಿ?" ಎಂದು ಸಾಹೇಬರು ಅವರ ಮುಖವನ್ನೇ ನೋಡಿದರು. "ಹಂಗಿದ್ರ ಫೇಲ್ ಅಂತ ಬರೀಬೇಕಾಗ್ತೈತಲ್ರಿ."

"ಬರೀರಿ," ಎಂದರು. ದೋಣಿಯ ಅಂಚನ್ನು ಹಿಡಿದಿದ್ದ ಅವರ ಬೆರಳು ಬೆಳ್ಳಗಾಗಿದ್ದವು.

"ಯಾರ್ ಮಾಡಿದ್ದು ಇದನ್ನ?"

ನೀಲಾಂಬಿಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ದೋಣಿ ನಂದ್ರಿ. ನಾನ ನೋಡ್ಕೋಬೇಕಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ಎದೆಗೆ ನಾಟಿತು. "ನಾನ ಮಾಡಿದ್ದು ಸಾಹೇಬ್ರ," ಎಂದೆ. "ಅವರು ಹೇಳಿದ್ರು, ನಾ ಕೇಳಲಿಲ್ಲ. ಎರಡು ತಾಸು ಕೊಡ್ರಿ." ಮೂವತ್ತು ವರ್ಷದಲ್ಲಿ ನನ್ನ ಬಾಯಿಂದ ಇಂಥ ಮಾತು ಹೊರಟದ್ದು ಅದೇ ಮೊದಲು.

ಸಾಹೇಬರು ಗಡಿಯಾರ ನೋಡಿಕೊಂಡರು. ಏನೂ ಬರೆಯದೆ ಕಾಗದ ಮಡಚಿ, ಬೇವಿನ ಗಿಡದ ನೆರಳಿಗೆ ಹೋಗಿ ಕುಳಿತರು. ನಾನು ಬೋರಲು ಮಲಗಿ ಹಗ್ಗ ಬಿಚ್ಚಿದೆ. ನೀಲಾಂಬಿಕಾ ಒಳಗಿನ ಕತ್ತಲೆಗೆ ಬ್ಯಾಟರಿಯ ಬೆಳಕು ಹಿಡಿದರು. ಮೊದಲಿನ ಹಾಗೆ ಅಡ್ಡ ಹಾಯಿಸಿ, ಒಂದಕ್ಕೊಂದು ತಿಕ್ಕದಂತೆ ಒಂದು ರಾಟೆಯನ್ನು ಎರಡು ಬೆರಳು ಕೆಳಗಿಳಿಸಿ ಕಟ್ಟಿದೆ. ನಾನೇ ಚಕ್ರವನ್ನು ಬಲಕ್ಕೆ ತಿರುಗಿಸುತ್ತಾ, ಹಿಂದೆ ಬಗ್ಗಿ ಚುಕ್ಕಾಣಿ ನೋಡಲು ಅವರಿಗೆ ಹೇಳಿದೆ.

"ಬಲಕ್ಕ ಹೊಂಟೈತಿ," ಎಂದರು.

"ಇನ್ನೊಮ್ಮೆ ನೋಡ್ರಿ ಅಕ್ಕಾರ." ಮೂರು ಸಲ ಕೇಳಿದೆ. ಮೂರು ಸಲವೂ ಬೇಸರವಿಲ್ಲದೆ ಬಗ್ಗಿ ನೋಡಿ ಹೇಳಿದರು.

ಸಾಹೇಬರು ಎದ್ದು ಬಂದರು. "ನನಗೂ ಒಂದು ಜಾಕೀಟು ಕೊಡ್ರಿ," ಎಂದರು.

"ಹತ್ತೂದಿಲ್ಲ ಅಂದಿದ್ರೆಲ್ರಿ?" ಎಂದೆ.

"ಮುಂಜಾನೆ ಅಂದಿದ್ದೆ. ಈಗ ಈ ಅಕ್ಕಾರ ದೋಣ್ಯಾಗ ಕುಂದ್ರಾಕ ನನಗ ಅಂಜಿಕಿಲ್ಲ."

ಎರಡೂ ಡ್ರಮ್ಮುಗಳನ್ನು ಸುತ್ತಿದೆವು. ಚಕ್ರ ತಿರುಗಿದ ಕಡೆಗೆ ದೋಣಿ ತಿರುಗಿತು. ಸಾಹೇಬರು ಕೆರೆಯ ನಟ್ಟನಡುವೆ ಕಾಗದವನ್ನು ಮೊಣಕಾಲ ಮೇಲಿಟ್ಟು ಸಹಿ ಮಾಡಿದರು. ಗಾಳಿಗೆ ಹಾರದಂತೆ ಅದರ ಒಂದು ತುದಿಯನ್ನು ನಾನು ಹಿಡಿದಿದ್ದೆ. ನೀಲಾಂಬಿಕಾ ಸಹಿಯ ಕಡೆ ನೋಡಲಿಲ್ಲ, ಹಾಯಿಯನ್ನೇ ನೋಡುತ್ತಿದ್ದರು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಚಕ್ರದಿಂದ ಕೈ ತೆಗೆಯಲಿಲ್ಲ.